ಸಾಲವಿಲ್ಲದ ಮನೆ

ಕುಕನೂರು
9 ಜೂನ್ 2024

ತಮ್ಮ ಗವಿಸಿದ್ದೇಶನಿಗೆ ಅಕ್ಕ ಗುರುಲಿಂಗಮ್ಮನ ಆಶೀರ್ವಾದ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಾನು ಏನು ಹೇಳಿದರೂ "ಆತು ಬಿಡಕ್ಕಾ" ಎಂದು ಮುಗಿಸಿಬಿಡುತ್ತೀ. ಕಾಗದವಾದರೆ ಮನೆಯಲ್ಲಿ ಉಳಿಯುತ್ತದೆ, ನಿನ್ನ ಹೆಂಡತಿ ಶ್ವೇತಾ ಕೂಡ ಓದುತ್ತಾಳೆ.

ಹೋದ ತಿಂಗಳು ಬೈಕ್ ತಂದೆ, ಈ ತಿಂಗಳು ಫ್ರಿಜ್ ಬಂತು, ಈಗ ಗೋಡೆ ತುಂಬುವ ಟಿವಿ ನೋಡಿಟ್ಟಿದ್ದೇನೆ ಅಂದೆ. ಎಲ್ಲ ಕಂತಿನ ಮೇಲೆ. ನಿನ್ನ ಕೆಲಸವೇ ಅಂಥ ಅಂಗಡಿಯಲ್ಲಿ. ದಿನಾ ಬೆಳಗಾದರೆ ಆ ಸಾಮಾನನ್ನೇ ಒರೆಸಿ ನಿಲ್ಲಿಸುವವನಿಗೆ ಆಸೆಯಾಗುವುದು ಸಹಜ. ಆದರೆ ಹದಿನಾರು ಸಾವಿರ ಪಗಾರದಲ್ಲಿ ಒಂಬತ್ತು ಸಾವಿರ ಕಂತಿಗೆ ಹೋದರೆ ಮನೆ ಬಾಡಿಗೆ ಎಲ್ಲಿಂದ ಕೊಡುತ್ತೀ? ನಾಲ್ಕು ವರ್ಷದ ಮಗಳು ಭವಾನಿಗೆ ಒಂದು ಜ್ವರ ಬಂದರೆ ಏನು ಮಾಡುತ್ತೀ?

ನಾನು ಏನು ಮಾಡುತ್ತೇನೆ ಹೇಳುತ್ತೇನೆ ಕೇಳು. ಒಂದು ಸಾಮಾನು ಬೇಕು ಅನಿಸಿದರೆ ಅದರ ಹೆಸರನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಡುತ್ತೇನೆ. ಆ ಹಾಳೆ ಹರಿಯುವ ದಿನ ಓದುತ್ತೇನೆ. ಹತ್ತರಲ್ಲಿ ಏಳು ಯಾಕೆ ಬರೆದೆ ಅನ್ನುವುದೇ ನೆನಪಿರುವುದಿಲ್ಲ. ಉಳಿದ ಮೂರಕ್ಕೆ ದುಡ್ಡು ಕೂಡಿಡುತ್ತೇನೆ. ಹಾಸ್ಟೆಲಿನ ಅಡುಗೆ ಕೆಲಸದ ಪಗಾರದಲ್ಲೇ ನಾನು, ಮಗಳು ವಾಣಿಶ್ರೀ ಇಬ್ಬರ ಬದುಕು ನಡೆದಿದೆ. ವಿಧವಾ ವೇತನ, ಗೃಹಲಕ್ಷ್ಮಿಯ ದುಡ್ಡು ಬೇರೆ ಪಾಸ್‌ಬುಕ್ಕಿಗೆ ಬೀಳುತ್ತದೆ. ಅದನ್ನು ನಾನು ಮುಟ್ಟುವುದೇ ಇಲ್ಲ. ವಾಣಿ ಈಗ ಎರಡನೇ ಪಿಯುಸಿ. ನರ್ಸಿಂಗ್ ಓದುತ್ತಾಳಂತೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಆಗ ತೊಟ್ಟಿಲಲ್ಲಿದ್ದೆ. ನನಗೆ ಹನ್ನೊಂದು. ಅಪ್ಪ ಕೈಗಡ ತಂದಿದ್ದ ಸಾವುಕಾರ ಗಾಡಿ ಕಟ್ಟಿಕೊಂಡು ಬಂದು ಅವ್ವನ ಹೊಲಿಗೆ ಮಷೀನು ಕೇಳಿದ. ಅಂಗಳದೊಳಗೆ ಬರಲಿಲ್ಲ. "ನೀನ ಹೊತ್ಕೊಂಡ ಬಾ" ಅಂದ. ಅಪ್ಪ ಹೆಗಲ ಮೇಲೆ ಹೊತ್ತು ಓಣಿಯ ಕೊನೆವರೆಗೂ ಹೋದ. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಸಾಲ ಮಾಡಬಾರದು ಎಂದು ಆವತ್ತೇ ಗಟ್ಟಿ ಮಾಡಿಕೊಂಡೆ. ಇವತ್ತಿನವರೆಗೆ ಕಿರಾಣಿ ಅಂಗಡಿಯಲ್ಲೂ ನನ್ನ ಹೆಸರಿನ ಉದ್ರಿ ಇಲ್ಲ.

ಟಿವಿ ಈ ವರ್ಷ ಬೇಡ. ಇಷ್ಟು ಮಾಡು.

ನಿನ್ನ ಅಕ್ಕ
ಗುರುಲಿಂಗಮ್ಮ


ಗಂಗಾವತಿ
23 ಜೂನ್ 2024

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಶ್ವೇತಾ ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. "ನಿಮ್ಮಕ್ಕ ಹೇಳೋದು ಖರೆ ಐತಿ" ಅನ್ನುತ್ತಾಳೆ. ಇಬ್ಬರೂ ಒಂದಾಗಿಬಿಟ್ಟಿರಿ.

ಅಕ್ಕಾ, ನಿನ್ನ ಕಾಲ ಬೇರೆ. ಈಗ ಸೊನ್ನೆ ಬಡ್ಡಿಗೆ ಕೊಡುತ್ತಾರೆ. ನಮ್ಮ ಅಂಗಡಿಗೆ ಹನಮಪ್ಪ ಎಂಬ ಒಬ್ಬ ಹಮಾಲ ಬರುತ್ತಿದ್ದ. ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವವನು. ನಾಲ್ಕು ತಿಂಗಳು ಪ್ರತಿ ಭಾನುವಾರ ಬಂದು ಒಂದೇ ಕೂಲರ್ ಮುಂದೆ ನಿಂತು ಗಾಳಿ ತಗೊಂಡು ಹೋಗುತ್ತಿದ್ದ. "ಕಂತಿನ ಮ್ಯಾಲೆ ಇವತ್ತ ಒಯ್ಯೋ ಮಾರಾಯ" ಅಂದರೆ "ಒಲ್ಲೆರಿ, ರೊಕ್ಕ ಕೂಡ್ಲಿ" ಅನ್ನುವನು. ಕೊನೆಗೆ ನೋಟುಗಳನ್ನು ಟವೆಲ್ಲಿನಲ್ಲಿ ಗಂಟು ಹಾಕಿಕೊಂಡು ತಂದ. ಅಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು! ಅಂಗಡಿಯವರೆಲ್ಲ ನಕ್ಕೆವು. ನಿನ್ನ ಕಾಗದ ಓದುವಾಗ ನನಗೆ ಅವನೇ ನೆನಪಾದ.

ತಿಂಗಳಿಗೆ ಇಷ್ಟು ಮಾರಾಟ ತೋರಿಸಬೇಕು ಎಂದು ನಮಗೆ ಗುರಿ ಇಟ್ಟಿರುತ್ತಾರೆ. ಮುಟ್ಟಿಸಿದರೆ ಮೇಲೆ ನಾಲ್ಕೈದು ಸಾವಿರ ಸಿಗುತ್ತದೆ. ಹಾಗಾಗಿ ಕಂತಿನ ಚಿಂತೆ ನನಗೆ ಬಿಡು.

ಒಂದು ಸಣ್ಣ ಕೆಲಸ. ಅಂಗಡಿಯವರು ನಮಗೆ ವಿಮೆ ಮಾಡಿಸುತ್ತಿದ್ದಾರೆ. ನನಗೇನಾದರೂ ಆದರೆ ಹಣ ಸಿಗಬೇಕಾದವರು ಎಂದು ನಿನ್ನ ಹೆಸರು ಕೊಟ್ಟಿದ್ದೇನೆ. ನನ್ನನ್ನು ಸಾಕಿದವಳು ನೀನೇ ತಾನೆ. ನಿನ್ನ ಆಧಾರ್, ಪ್ಯಾನ್ ಕಾರ್ಡು, ಆ ಬೇರೆ ಪಾಸ್‌ಬುಕ್ಕಿನ ಮೊದಲ ಪುಟ ಇಷ್ಟರ ಝೆರಾಕ್ಸ್ ಬೇಕು. ಪಂಚಮಿಗೆ ಎಲ್ಲರೂ ಬರುತ್ತೇವೆ. ಆಗ ಕೊಟ್ಟರಾಯಿತು. ಶ್ವೇತಾಳ ಮುಂದೆ ಇದರ ಮಾತು ಬೇಡ. ತನ್ನ ಹೆಸರು ಕೊಡಲಿಲ್ಲ ಎಂದು ನೊಂದುಕೊಳ್ಳುತ್ತಾಳೆ.

ನಿನ್ನ ತಮ್ಮ
ಸಿದ್ದು


ಕುಕನೂರು
8 ಸೆಪ್ಟೆಂಬರ್ 2024

ಸಿದ್ದೂಗೆ ಆಶೀರ್ವಾದ.

ಪಂಚಮಿಗೆ ನೀವು ಮೂವರೂ ಬಂದು ಹೋದ ಮೇಲೆ ಮನೆ ಎರಡು ದಿನ ಭಣಭಣ ಅನ್ನುತ್ತಿತ್ತು. ಭವಾನಿ ಬಿಟ್ಟುಹೋದ ಒಂದು ಕಾಲಿನ ಚಪ್ಪಲಿ ನನ್ನ ಹತ್ತಿರ ಇದೆ.

ವಿಮೆಯ ಕೆಲಸ ಆಯಿತೆ? ಆಮೇಲೆ ನೀನು ನಾಲ್ಕು ಸಲ ಫೋನ್ ಮಾಡಿ ನನ್ನ ಫೋನಿಗೆ ಬಂದ ಆರಾರು ಅಂಕಿ ಕೇಳಿದೆಯಲ್ಲ. ಒಂದು ಸಲ ನಾನು ತೊಂಬತ್ತು ಹುಡುಗಿಯರ ಅನ್ನ ಬಸಿಯುತ್ತಿದ್ದೆ. ಕನ್ನಡಕ ಇಲ್ಲದೆ ತಪ್ಪು ಓದಿದೆ ಅಂತ ಕಾಣುತ್ತದೆ. ನೀನು ಸಿಟ್ಟಾದೆ. ವಾಣಿಗೆ ಹೇಳಿದರೆ "ಆ ಅಂಕಿ ಯಾರಿಗೂ ಹೇಳಬಾರದಬೇ" ಎಂದು ನನ್ನನ್ನೇ ಬೈದಳು. "ಯಾರಿಗೂ ಅಂದ್ರ ನಮ್ಮ ಸಿದ್ದೂಗೂ ಏನ?" ಅಂದೆ.

ಆ ಫೋಟೋ ಮಾತ್ರ ನೆನೆಸಿಕೊಂಡರೆ ನಗು ಬರುತ್ತದೆ. ನೀಲಿ ಗೋಡೆಗೆ ನಿಲ್ಲಿಸಿ "ಕಣ್ಣ ಮುಚ್ಚಕ್ಕಾ, ಈಗ ತಗಿ, ಎಡಕ್ಕ ನೋಡು" ಅಂದೆಯಲ್ಲ, ಅದೆಂಥ ಫೋಟೋ? ಮದುವೆಯಲ್ಲೂ ನನಗೆ ಯಾರೂ ಇಷ್ಟು ಹೇಳಿಕೊಟ್ಟಿರಲಿಲ್ಲ.

ನನ್ನ ಮಾತಿಗೆ ಬೆಲೆ ಕೊಟ್ಟು ಟಿವಿ ತರಲಿಲ್ಲ ಎಂದು ಶ್ವೇತಾ ಹೇಳಿದಳು. ಖುಷಿಯಾಯಿತು. ಆದರೆ ನೀನು ಸೊರಗಿದ್ದೀ. ಊಟಕ್ಕೆ ಕೂತಾಗ ಫೋನ್ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಕೆಲಸ ಹೆಚ್ಚಾಗಿದ್ದರೆ ಮಾಲೀಕರಿಗೆ ಹೇಳು.

ಗುರುಲಿಂಗಮ್ಮ


ಗಂಗಾವತಿ
2 ಡಿಸೆಂಬರ್ 2024

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ದೀಪಾವಳಿ ಮಾರಾಟದಲ್ಲಿ ಉಸಿರಾಡಲು ಆಗಲಿಲ್ಲ. ವಿಮೆ ಆಯಿತು. ನಿನ್ನ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂದರೆ ಅದೇ. ಅಳಿಸಿಬಿಡು.

ಭವಾನಿಯ ಹುಟ್ಟುಹಬ್ಬವನ್ನು ಹಾಲ್ ಹಿಡಿದು ಮಾಡಿದೆವು. ಅಂಗಡಿಯ ಹುಡುಗರೆಲ್ಲ ಮಾಡುತ್ತಾರೆ, ನಾನೊಬ್ಬ ಮಾಡದಿದ್ದರೆ ಹೇಗೆ? ನಿನ್ನನ್ನು ಕರೆಯಲಿಲ್ಲ. ಖರ್ಚು ನೋಡಿದರೆ ನಿನಗೆ ಊಟ ಸೇರುವುದಿಲ್ಲ ಎಂದು ಗೊತ್ತಿತ್ತು.

ಸಿದ್ದು


ಕುಕನೂರು
17 ಮಾರ್ಚ್ 2025

ಸಿದ್ದು,

ನಿನ್ನ ಫೋನ್ ಮೂರು ದಿನದಿಂದ ಹತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಕೂಡಲೇ ಏನಾದರೂ ಮಾಡು.

ಶುಕ್ರವಾರ ಹನ್ನೊಂದು ಗಂಟೆಗೆ ಹಾಸ್ಟೆಲಿಗೆ ಬೈಕಿನ ಮೇಲೆ ಇಬ್ಬರು ಬಂದರು. ಅಡುಗೆಮನೆಯ ಬಾಗಿಲಿಗೇ ಬಂದು "ಗುರುಲಿಂಗಮ್ಮ ಅಂದ್ರ ಯಾರ್ರಿ?" ಅಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. "ನಾನ" ಅಂದೆ.

"ಈ ತಿಂಗಳ ಕಂತು ಬೌನ್ಸ್ ಆಗೇತಿ. ಯಾವಾಗ ಕಟ್ತೀರಿ?"

ಯಾವ ಕಂತು ಎಂದು ಕೇಳಿದೆ. ಅವರಲ್ಲಿ ಒಬ್ಬ ನಕ್ಕ. "ಎರಡು ದೊಡ್ಡ ಫೋನು, ಟಿವಿ, ಎಸಿ ತಗೊಳ್ಳೋ ಮುಂದ ನೆನಪಿತ್ತು, ಕಟ್ಟೋ ಮುಂದ ಮರ್ತ್ರಿ? ಎಸಿ ಎಲ್ಲಿ ಹಾಕೀರಿ, ಒಲಿ ಮುಂದನ?"

ಹುಡುಗಿಯರು ತಾಟು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರೂ ಕೇಳಿಸಿಕೊಂಡರು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಇದು ಬೇರೆ ಯಾವಳೋ ಗುರುಲಿಂಗಮ್ಮ ಇರಬೇಕು ಅಂದೆ. ಅವನು ಫೋನು ಎತ್ತಿ ನನ್ನ ಮುಖಕ್ಕೆ ಹಿಡಿದ. ಅದರಲ್ಲಿ ಇದ್ದದ್ದು ನಾನೇ. ಹಿಂದೆ ನಮ್ಮ ಮನೆಯ ನೀಲಿ ಗೋಡೆ.

ಪಂಚಮಿಯಲ್ಲಿ ನೀನು ತೆಗೆದ ಫೋಟೋ ಅದು. ನಿನ್ನ ಫೋನಿನಿಂದ ಯಾರೋ ಕದ್ದಿದ್ದಾರೆ. ವಿಮೆಗೆ ಕೊಟ್ಟ ಕಾಗದಗಳೂ ಅಂಥ ಕಳ್ಳರ ಕೈಗೆ ಸಿಕ್ಕಿರಬೇಕು. ವಾಣಿಗೆ ಇದನ್ನೇ ಹೇಳಿದೆ. ಅವಳು ಎದ್ದು ನೀರು ತರಲು ಹೋದಳು.

ನಿನಗೆ ಈ ವ್ಯವಹಾರ ಗೊತ್ತು. ಯಾರ ಹತ್ತಿರ ಹೋಗಬೇಕು, ಏನು ಬರೆದುಕೊಡಬೇಕು, ತಿಳಿಸು. ಒಂದು ದಿನ ರಜೆ ಹಾಕಿ ಬಂದರೆ ಇನ್ನೂ ಒಳ್ಳೆಯದು. ಶುಕ್ರವಾರದಿಂದ ನನಗೆ ಹುಡುಗಿಯರ ಮುಖ ನೋಡಲು ಆಗುತ್ತಿಲ್ಲ.

ಅಕ್ಕ


ಗಂಗಾವತಿ
20 ಮಾರ್ಚ್ 2025

ಅಕ್ಕಾ,

ಗಾಬರಿ ಬೇಡ. ಇಂಥವು ಈಗ ದಿನಾ ನಡೆಯುತ್ತವೆ. ನಾನು ವಿಚಾರಿಸುತ್ತಿದ್ದೇನೆ. ಪೊಲೀಸರ ಹತ್ತಿರ ಮಾತ್ರ ಹೋಗಬೇಡ. ಹೋದರೆ ವರ್ಷಗಟ್ಟಲೆ ಅಲೆಸುತ್ತಾರೆ. ಬ್ಯಾಂಕಿಗೂ ಸದ್ಯ ಹೋಗಬೇಡ. ಆ ಇಬ್ಬರು ಮತ್ತೆ ಬಂದರೆ ತಮ್ಮ ನೋಡಿಕೊಳ್ಳುತ್ತಾನೆ ಅನ್ನು. ನನ್ನ ಅಂಗಡಿಯ ಹೆಸರು ಹೇಳಬೇಡ. ಹದಿನೈದು ದಿನ ಸುಮ್ಮನಿರು.

ಸಿದ್ದು


ಕುಕನೂರು
11 ಏಪ್ರಿಲ್ 2025

ಗವಿಸಿದ್ದೇಶನಿಗೆ,

ನೀನು ಹೇಳಿದ ಹದಿನೈದು ದಿನ ಸುಮ್ಮನಿದ್ದೆ. ಆ ಇಬ್ಬರು ಇನ್ನೂ ಮೂರು ಸಲ ಬಂದರು. ಕೊನೆಯ ಸಲ ಮನೆಗೇ ಬಂದು ಓಣಿಯಲ್ಲಿ ನಿಂತು ಕೂಗಾಡಿದರು.

ಹಾಸ್ಟೆಲಿನ ವಾರ್ಡನ್ ಹಸೀನಾಬೇಗಂ ಮೇಡಂ ನನ್ನನ್ನು ಕೈಹಿಡಿದು ಬ್ಯಾಂಕಿಗೆ ಕರೆದುಕೊಂಡು ಹೋದರು. ಪಾಸ್‌ಬುಕ್ ಮೂರು ಪುಟ ಅಚ್ಚಾಗಿ ಬಂತು. ಸೆಪ್ಟೆಂಬರಿನಿಂದ ಪ್ರತಿ ಐದನೇ ತಾರೀಖು ದುಡ್ಡು ಹೋಗಿದೆ. ಐವತ್ತೆಂಟು ಸಾವಿರ ಇದ್ದದ್ದು ಇನ್ನೂರ ಹನ್ನೆರಡು ರೂಪಾಯಿ ಉಳಿದಿದೆ. ಇನ್ನೂ ಒಂದು ಲಕ್ಷ ಮೂವತ್ತೆರಡು ಸಾವಿರ ಬಾಕಿಯಂತೆ.

"ಯಾರು ಮಾಡ್ಯಾರ ಗೊತ್ತಿಲ್ಲ ಅಂತ ಬರದು ಕೊಡೂಣ. ಅವರು ಹುಡುಕ್ತಾರ" ಎಂದು ಮೇಡಂ ಕುಕನೂರು ಠಾಣೆಯಲ್ಲಿ ದೂರು ಕೊಡಿಸಿದರು. ಬರೆದದ್ದಕ್ಕೆ ನಾನು ಸಹಿ ಹಾಕಿದೆ.

ಸಾಲ ಕೊಟ್ಟ ಕಂಪನಿಯಿಂದ ಕಾಗದಗಳ ನಕಲು ನಿನ್ನೆ ವಾಣಿಯ ಕೈಗೆ ಸಿಕ್ಕಿತು. ಸಾಮಾನು ಮಾರಿದ ಅಂಗಡಿಯ ಮುದ್ರೆ ನಿಮ್ಮ ಅಂಗಡಿಯದು. ಮಾರಿದವರ ಹೆಸರಿನ ಜಾಗದಲ್ಲಿ 27 ಎಂದು ಒಂದು ನಂಬರ್ ಇದೆ, ಹೆಸರಿಲ್ಲ. ನಿಮ್ಮ ಅಂಗಡಿಯಲ್ಲಿ ಆ ನಂಬರಿನ ಮನುಷ್ಯ ಯಾರು? ನಿನ್ನ ಸ್ನೇಹ ಮಾಡಿ ನಿನ್ನ ಫೋನಿನಿಂದ ಫೋಟೋ ತೆಗೆದುಕೊಂಡವನು ಅವನೇ ಇರಬೇಕು. ಅವನ ಹೆಸರು ಬರೆದು ಕಳಿಸು.

ವಾಣಿ ಎರಡನೇ ಪಿಯುಸಿಯಲ್ಲಿ ನೂರಕ್ಕೆ ಎಂಬತ್ತೊಂಬತ್ತು ತೆಗೆದಿದ್ದಾಳೆ. ಸಿಹಿ ಮಾಡಲಿಲ್ಲ.

ಗುರುಲಿಂಗಮ್ಮ


26 ಏಪ್ರಿಲ್ 2025

ಅಕ್ಕಾ,

ಊರಿನ ಹೆಸರು ಬರೆದಿಲ್ಲ. ಗಂಗಾವತಿ ಬಿಟ್ಟು ಹನ್ನೆರಡು ದಿನವಾಯಿತು. ಶ್ವೇತಾ ಮತ್ತು ಭವಾನಿ ಕುಷ್ಟಗಿಯಲ್ಲಿ ಅವಳ ತವರಿನಲ್ಲಿದ್ದಾರೆ. ಉತ್ತರ ಅಲ್ಲಿಗೆ ಬರೆ. ನನಗೆ ಮುಟ್ಟುತ್ತದೆ.

27 ನಾನೇ. ನಿನಗೆ ಗೊತ್ತಾಗಿದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಹೆಸರು ಕೇಳಿ ಬರೆದೆಯಲ್ಲ, ಆ ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ.

ನಡೆದದ್ದು ಹೇಳುತ್ತೇನೆ. ಬೈಕು, ಫ್ರಿಜ್ಜು, ಮನೆಯ ಮುಂಗಡ, ಎಲ್ಲ ಸೇರಿ ಕಂತು ಹನ್ನೆರಡು ಸಾವಿರ ದಾಟಿತ್ತು. ಗುರಿ ಮುಟ್ಟದ ತಿಂಗಳು ಮೇಲಿನ ದುಡ್ಡು ಬರಲಿಲ್ಲ. ಫೋನಿನಲ್ಲೇ ಸಾಲ ಕೊಡುವವರ ಹತ್ತಿರ ಐದು ಸಾವಿರ ತೆಗೆದೆ. ಅದನ್ನು ತೀರಿಸಲು ಇನ್ನೊಬ್ಬರ ಹತ್ತಿರ ಎಂಟು. ಅವರು ಶ್ವೇತಾಳ ಫೋಟೋ ಕೆಡಿಸಿ ಎಲ್ಲರಿಗೂ ಕಳಿಸುತ್ತೇವೆ ಎಂದು ಹೆದರಿಸಿದರು. ಪಂಚಮಿಯ ದಿನ ಹಿತ್ತಲಿಗೆ ಎದ್ದು ಹೋಗುತ್ತಿದ್ದದ್ದು ಅವರ ಫೋನಿಗೇ. ನಿನ್ನ ಮನೆಗೆ ಬರುವ ಮುಂಚೆಯೇ ಮನಸ್ಸು ಮಾಡಿಕೊಂಡು ಬಂದಿದ್ದೆ. ನಿನ್ನ ಹೆಸರಿನಲ್ಲಿ ಎಂದೂ ಸಾಲ ಇರಲಿಲ್ಲ. ಹೆಸರು ಹಾಕಿದ ಕೂಡಲೇ ಒಪ್ಪಿಗೆ ಬಂತು. ಎರಡು ಫೋನು, ಟಿವಿ, ಎಸಿ ನಿನ್ನ ಹೆಸರಿನಲ್ಲಿ ತೆಗೆದು ಹೊರಗೆ ಕಡಿಮೆಗೆ ಮಾರಿದೆ. ಆರು ತಿಂಗಳಲ್ಲಿ ದುಡ್ಡು ಹೊಂದಿಸಿ ನಿನ್ನ ಪಾಸ್‌ಬುಕ್ಕಿಗೆ ಹಾಕಬೇಕು ಅಂದುಕೊಂಡಿದ್ದೆ. ದೇವರಾಣೆಗೂ ಅಂದುಕೊಂಡಿದ್ದೆ. ಆಮೇಲೆ ಭವಾನಿಯ ಹುಟ್ಟುಹಬ್ಬ ಬಂತು. ಆಗಲೂ ನನಗೆ ಬೇಡ ಅನ್ನಲು ಆಗಲಿಲ್ಲ.

ಈಗ ಒಂದೇ ದಾರಿ ಇದೆ. ಠಾಣೆಗೆ ಹೋಗಿ ತಪ್ಪು ತಿಳಿದು ದೂರು ಕೊಟ್ಟೆ ಅನ್ನು. ಅಂಕಿ ನಾನೇ ಹೇಳಿದೆ, ತಮ್ಮನಿಗಾಗಿ ಸಾಮಾನು ನಾನೇ ತೆಗೆಸಿದೆ ಅನ್ನು. ಅಷ್ಟು ಹೇಳಿದರೆ ಕೇಸು ಇರುವುದಿಲ್ಲ. ಬರೀ ಬಾಕಿ ಇರುತ್ತದೆ. ಭಾವ ತೀರಿದಾಗ ಬಂದ ದುಡ್ಡು ಅಂಚೆ ಕಚೇರಿಯಲ್ಲಿದೆಯಲ್ಲ, ಅದರಿಂದ ಸದ್ಯ ಕಟ್ಟು. ವಾಣಿಯನ್ನು ನರ್ಸಿಂಗಿಗೆ ಮುಂದಿನ ವರ್ಷ ಕಳಿಸೋಣ. ನಾನು ಜೀವ ತೇದು ತೀರಿಸುತ್ತೇನೆ.

ನಿನ್ನ ಮಡಿಲಲ್ಲಿ ಬೆಳೆದವನು ನಾನು. ನನ್ನನ್ನು ಉಳಿಸು.

ಸಿದ್ದು


ಕುಕನೂರು
9 ಮೇ 2025

ಸಿದ್ದು,

ನಿನ್ನ ಕಾಗದವನ್ನು ಬಚ್ಚಿಡಲು ನೋಡಿದೆ. ವಾಣಿಗೆ ಸಿಕ್ಕಿತು. ಓದಿ ಮಡಚಿ ನನ್ನ ಕೈಗೇ ಕೊಟ್ಟಳು. "ಮುಂದಿನ ವರ್ಷ ಹೋಗ್ತೀನಿ ಬಿಡಬೇ" ಅಂದಳು. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅಳಲಿಲ್ಲ.

ಅಂಚೆ ಕಚೇರಿಗೆ ಹೋದೆ. ದುಡ್ಡು ತೆಗೆಯುವ ಫಾರ್ಮು ತುಂಬಿದೆ. ಸಹಿ ಮಾಡುವ ಜಾಗಕ್ಕೆ ಬಂದಾಗ ಕೈ ನಿಂತಿತು. ಕೊಡಲು ದುಡ್ಡಿತ್ತು. ಆದರೆ ಇದನ್ನು ಕಟ್ಟಿದರೆ ನಿನಗೆ ಸಾಲ ತೆಗೆಯಲು ಮತ್ತೊಂದು ಹೆಸರು ಸಿಗುತ್ತದೆ ಅನಿಸಿತು. ವಾಣಿಗೂ ಹದಿನೆಂಟು ತುಂಬಿದೆ. ಅವಳ ಆಧಾರ್ ಕೂಡ ಅದೇ ಪೆಟ್ಟಿಗೆಯಲ್ಲಿದೆ.

ಫಾರ್ಮು ಹರಿದು ಠಾಣೆಗೆ ನಡೆದೆ. ಸಾಹೇಬರು ನಿನ್ನ ಹೆಸರನ್ನು ಆಗಲೇ ಪತ್ತೆ ಮಾಡಿದ್ದರು. "ಅಮ್ಮಾ, ಇವ ನಿಮ್ಮ ತಮ್ಮ ಅದಾನ. ನೀವ ಒಪ್ಪಿ ಕೊಟ್ಟಿದ್ರ ಈಗ ಹೇಳ್ರಿ, ಇಲ್ಲೇ ಮುಗಿಸ್ತೀನಿ" ಅಂದರು. ಬೆಂಚಿನ ಮೇಲೆ ಕೂತು ಹೇಳುತ್ತೇನೆ ಅಂದೆ. ಒಂದು ತಾಸು ಕೂತೆ. ಅವ್ವ ಸತ್ತಾಗ ನಿನಗೆ ಏಳು ವರ್ಷ. ನಾನು ಗಂಡನ ಮನೆಗೆ ನಿನ್ನ ಕೈಹಿಡಿದುಕೊಂಡೇ ಹೋದೆ. ಎಲ್ಲ ನೆನಪಾಯಿತು. ನೆನಪಾದರೂ ಸುಳ್ಳು ಬಾಯಿಗೆ ಬರಲಿಲ್ಲ.

"ನಾ ಕೊಟ್ಟಿಲ್ರಿ. ವಿಮಾ ಅಂತ ಹೇಳಿ ತಗೊಂಡಾನ" ಅಂದೆ. ಅವರು ಬರೆದುಕೊಂಡರು. ನಿನ್ನ ಕಾಗದವನ್ನೂ ಕೊಟ್ಟೆ.

ಕುಷ್ಟಗಿಯ ವಿಳಾಸ ಅದರಲ್ಲೇ ಇದೆ. ಅವರು ಬರುವುದಕ್ಕೆ ಮುಂಚೆ ನೀನಾಗಿಯೇ ಠಾಣೆಗೆ ಬಾ. ನಾನು ಜೊತೆಗೆ ಬಂದು ನಿಲ್ಲುತ್ತೇನೆ.

ಅಕ್ಕ


ಕೊಪ್ಪಳ ಜೈಲು
30 ಜೂನ್ 2025

ಗುರುಲಿಂಗಮ್ಮನವರಿಗೆ,

ಕುಷ್ಟಗಿಯಲ್ಲಿ ಭವಾನಿಯ ಎದುರಿಗೇ ನನ್ನನ್ನು ಜೀಪಿಗೆ ಹತ್ತಿಸಿದರು. ಅವಳು ಟಾಟಾ ಮಾಡಿದಳು. ಸಂತೆಗೆ ಹೊರಟಿದ್ದೇನೆ ಅಂದುಕೊಂಡಿರಬೇಕು.

ನಿಮ್ಮ ಹೆಸರು ಉಳಿಯಿತು. ನಿಮ್ಮ ಮನೆಯಲ್ಲಿ ಸಾಲವಿಲ್ಲ. ತಮ್ಮನೂ ಇಲ್ಲ ಅಂದುಕೊಳ್ಳಿ. ಇನ್ನು ಕಾಗದ ಬರೆಯಬೇಡಿ.

ಗವಿಸಿದ್ದೇಶ


ಕುಕನೂರು
20 ಆಗಸ್ಟ್ 2025

ಸಿದ್ದು,

ಬೇಡ ಅಂದರೂ ಬರೆಯುತ್ತಿದ್ದೇನೆ. ನನ್ನನ್ನು ನೀನು ಬಹುವಚನದಲ್ಲಿ ಕರೆದದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಶ್ವೇತಾಳ ತವರಿನವರು ಎರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ. ನಾನೇ ಹೋಗಿ ಇಬ್ಬರನ್ನೂ ಕರೆದುಕೊಂಡು ಬಂದೆ. ಅವಳು ಇಲ್ಲಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬೈಕು, ಫ್ರಿಜ್ಜನ್ನು ಕಂಪನಿಯವರು ಒಯ್ದರು. ನಿನ್ನ ಉಳಿದ ಸಾಲದಲ್ಲಿ ಎಷ್ಟು ಖರೆ, ಎಷ್ಟು ಮೋಸದ್ದು ಎಂದು ಹಸೀನಾಬೇಗಂ ಮೇಡಂ ವಕೀಲರ ಹತ್ತಿರ ತೋರಿಸುತ್ತಿದ್ದಾರೆ. ಕೇಸು ಆದ ಮೇಲೆ ನನ್ನ ಹೆಸರಿನ ಬಾಕಿ ಕೇಳಲು ಯಾರೂ ಬರಲಿಲ್ಲ. ನನ್ನ ಐವತ್ತೆಂಟು ಸಾವಿರ ಬರುವ ಆಸೆ ನನಗಿಲ್ಲ. ವಾಣಿಯ ಫೀ ಕಟ್ಟಿದ್ದೇನೆ. ಸೀಟು ಸಿಕ್ಕಿದೆ. ಕಾಲೇಜು ಶುರುವಾದ ಮೇಲೆ ಹೋಗುತ್ತಾಳೆ.

ಓಣಿಯಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ನೀರಿನ ಹತ್ತಿರ ಒಬ್ಬಳು ನನಗೆ ಕೇಳುವಂತೆಯೇ "ಒಡಹುಟ್ಟಿದಾವನ್ನ ಜೇಲಿಗೆ ಹಾಕಿಸ್ಯಾಳ" ಅಂದಳು. ಹೌದು, ಹಾಕಿಸಿದೆ. ಮಾಡಿದ್ದು ಸರಿ ಎಂದು ಹಗಲೆಲ್ಲ ಅನಿಸುತ್ತದೆ. ಉಣ್ಣಲು ಕೂತಾಗ ಅನಿಸುವುದಿಲ್ಲ.

ನಿನ್ನೆ ಮಂಗಳವಾರ ಭವಾನಿಯನ್ನು ಕರೆದುಕೊಂಡು ಕೊಪ್ಪಳಕ್ಕೆ ಬಂದಿದ್ದೆ. ಎರಡು ತಾಸು ಸಾಲಿನಲ್ಲಿ ನಿಂತೆವು. ಪೊಲೀಸಿನವನು ಒಳಗೆ ಹೋಗಿ ಬಂದು "ಬರಾಕ ಒಲ್ಲೆ ಅಂತಾನ್ರಿ" ಅಂದ. ಮಗಳು ಬಂದಾಳ ಅಂತ ಹೇಳ್ರಿ ಅಂದೆ. ಮತ್ತೆ ಹೋಗಿ ಬಂದ. ಅದನ್ನು ಕೇಳಿಯೂ ನೀನು ಬರಲಿಲ್ಲ. ನಾಚಿಕೆಗೆ ಬರಲಿಲ್ಲವೋ, ಸಿಟ್ಟಿಗೆ ಬರಲಿಲ್ಲವೋ, ನನಗೆ ತಿಳಿಯಲಿಲ್ಲ.

ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿ ಇಬ್ಬರೂ ಉಂಡೆವು. ಭವಾನಿ "ಅತ್ತೀ, ನಮ್ಮಪ್ಪ ಈ ಊರಾಗ ಅದಾನೇನ?" ಎಂದು ಕೇಳಿದಳು. ಅದಾನ ಅಂದೆ. "ಮತ್ತ ಯಾಕ ಬರಲಿಲ್ಲ?" ಅಂದಳು.

ಇವತ್ತು ಅವನಿಗೆ ಆಗಲಿಲ್ಲ ಅಂದೆ.

ಬರುವ ಮಂಗಳವಾರ ಮತ್ತೆ ಬರುತ್ತೇವೆ. ಸಾಲಿನಲ್ಲಿ ನಿಂತಿರುತ್ತೇವೆ.

ಅಕ್ಕ